ಭೀಮರಾಯ ಕಂಡ ಬಾಸಿಂಗ

ಸೋನ್ಯಾಳದ ಭೀಮರಾಯ ಯಾರನ್ನೂ ನಂಬುವ ಮನುಷ್ಯನಲ್ಲ. ಇದು ಊರವರು ಬೆನ್ನ ಹಿಂದೆ ಆಡಿಕೊಂಡ ಮಾತಲ್ಲ, ಅವನೇ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದದ್ದು. ಹಾಲು ಕೊಳ್ಳುವಾಗ ಬೆರಳು ಅದ್ದಿ ನೋಡುತ್ತಿದ್ದ. ಪ್ರಸಾದ ಕೊಟ್ಟರೆ ಮೂಸಿ ನೋಡುತ್ತಿದ್ದ. ಮೋಡ ಕವಿದರೆ, "ಇದು ನಮ್ಮ ಹೊಲಕ್ಕ ಬಂದದ್ದಲ್ಲ ಬಿಡು" ಎಂದು ಒಳಗೆ ಹೋಗುತ್ತಿದ್ದ. ಜತ್ತ ಸಂಸ್ಥಾನ ಮುಂಬೈ ಸರಕಾರಕ್ಕೆ ಸೇರಿದ ವರ್ಷ ಯಾರೋ ಊರಿಗೆಲ್ಲ ಪೇಢೆ ಹಂಚಿದರು. ಎಲ್ಲರೂ ತಿಂದು ಕೈ ಒರೆಸಿಕೊಂಡರೆ ಇವನು, "ಕೊಟ್ಟಾವನ ಮನಸಿನ್ಯಾಗ ಏನೈತೋ ಯಾರಿಗ್ಗೊತ್ತು" ಎಂದು ಗೂಡಿನಲ್ಲಿ ಇಟ್ಟ. ಕಡೆಗೆ ಅದನ್ನು ಇರುವೆಗಳು ತಿಂದವು.

ಕಸುಬೂ ಅದಕ್ಕೆ ತಕ್ಕದ್ದೇ. ಅವನು ದನದ ದಲ್ಲಾಳಿ. ಜತ್ತದ ಸಂತೆಯಲ್ಲಿ ಖಿಲಾರಿ ಎತ್ತುಗಳ ವ್ಯಾಪಾರ ಕುದುರುವಾಗ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಹೆಗಲ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುವವನು. ಬಾಯಲ್ಲಿ ಒಂದು ಮಾತು, ಬೆರಳಲ್ಲಿ ಇನ್ನೊಂದು. ಕೊಂಬು ಹೆರೆದು ಎಣ್ಣೆ ತಿಕ್ಕಿ ಮುದಿ ಎತ್ತನ್ನು ಹರೆಯಕ್ಕೆ ತರುವವರನ್ನು ಕಂಡಿದ್ದ. ಕುಂಟುವ ಕಾಲು ಕಾಣದಿರಲೆಂದು ಎತ್ತನ್ನು ರಾಡಿಯಲ್ಲೇ ನಿಲ್ಲಿಸುವವರನ್ನೂ ಕಂಡಿದ್ದ. ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡಿ ಇದು ಮನೆಗೆ ಆಗುತ್ತದೆ, ಇದು ಆಗಿಬರುವುದಿಲ್ಲ ಎನ್ನುವುದು, ಇಷ್ಟರಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಮನುಷ್ಯರನ್ನು ಕಂಡರೂ ಮೊದಲು ತುಟಿ ಎತ್ತಿ ನೋಡೋಣವೇ ಅನ್ನಿಸುತ್ತಿತ್ತು.

ಅಂಥವನು ಕಣ್ಣು ಮುಚ್ಚಿ ನಂಬಿದ್ದು ಒಬ್ಬಳನ್ನು ಮಾತ್ರ, ಹೆಂಡತಿ ಹಾಲವ್ವನನ್ನು. ಡಫಳಾಪುರದ ಹೆಣ್ಣು, ಎರಡು ಗಂಡುಮಕ್ಕಳ ತಾಯಿ, ಮಾತು ಕಡಿಮೆ. ಅವಳು ರೊಟ್ಟಿ ಹಾಕಿದರೆ ಭೀಮರಾಯ ತಿರುವಿ ನೋಡದೆ ತಿನ್ನುತ್ತಿದ್ದ. ಅವನ ಮಟ್ಟಿಗೆ ಅದು ದೊಡ್ಡ ಮಾತು.

ಊರಲ್ಲೂ ಹಾಲವ್ವನಿಗೆ ಒಂದು ಗೌರವವಿತ್ತು. ಯಾರ ಮನೆಯ ಲಗ್ನವಾದರೂ ಸುರಗಿಗೆ ಅವಳೇ ಬೇಕು. ಮದುಮಕ್ಕಳನ್ನು ನಡುವೆ ಕೂರಿಸಿ, ನಾಲ್ಕು ಮೂಲೆಗೆ ನೀರಿನ ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ ನೀರೆರೆಯುವ ಶಾಸ್ತ್ರ ಅದು. ಆ ನೂಲನ್ನು ಎಲ್ಲರೂ ಮುಟ್ಟುವಂತಿಲ್ಲ. ಮುತ್ತೈದೆಯಾಗಿರಬೇಕು, ಅದೂ ಮೊದಲ ಲಗ್ನದವಳಾಗಿರಬೇಕು. ಗಂಡ ಸತ್ತೋ ಬಿಟ್ಟೋ ಇನ್ನೊಬ್ಬನಿಗೆ ಉಡಕಿಯಾದವಳು ಎಷ್ಟೇ ಒಳ್ಳೆಯವಳಾದರೂ ದೂರ ನಿಲ್ಲಬೇಕು. ಬಾಸಿಂಗ ಹೆಣ್ಣಿನ ಹಣೆಗೆ ಒಂದೇ ಸಲ. ಉಡಕಿಗೆ ಬಾಸಿಂಗವಿಲ್ಲ, ಸುರಗಿಯಿಲ್ಲ, ಹಗಲ ಬೆಳಕೂ ಇಲ್ಲ. ಈ ಕಟ್ಟಳೆ ಸರಿಯೇ ಎಂದು ಆಗ ಯಾರೂ ಕೇಳುತ್ತಿರಲಿಲ್ಲ, ಕೇಳಬೇಕಾಗಿತ್ತು. ಭೀಮರಾಯನ ಅಕ್ಕ ಸಿದ್ದಲಿಂಗವ್ವನನ್ನು ಅದೇ ಊರಲ್ಲಿ ಕೊಟ್ಟಿದ್ದರು. ಅವಳ ಮಗಳ ಲಗ್ನ ಹತ್ತಿರ ಬಂದಿತ್ತು. ಸುರಗಿಗೆ ಸೋದರತ್ತೆ ಹಾಲವ್ವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅದು ಐವತ್ತಾರನೆಯ ಇಸವಿ, ಬೇಸಿಗೆ ಏರುತ್ತಿದ್ದ ದಿನಗಳು. ತಾಲೂಕು ಮುಂಬೈ ಕಡೆ ಉಳಿಯುತ್ತದೋ ಮೈಸೂರು ಕಡೆ ಹೋಗುತ್ತದೋ ಎಂದು ಚಹಾದಂಗಡಿಗಳಲ್ಲಿ ಜಗಳ ಹತ್ತಿತ್ತು. ಅಂಥದರಲ್ಲಿ ಜತ್ತದ ಫೋಟೋಗ್ರಾಫರ ಇಮಾಮಸಾಬ ಸೈಕಲ್ ಹೊಡೆದುಕೊಂಡು ಬಂದು ಊರ ಚಾವಡಿಗೆ ಒಂದು ಹ್ಯಾಂಡ್‌ಬಿಲ್ ಅಂಟಿಸಿ ಹೋದ. ಡಫಳಾಪುರದ ವಿಠೋಬ ಮಾಸ್ತರರು ತೀರಿಕೊಂಡು ವರ್ಷವಾಯಿತು. ಹುಡುಗರಾಗಿದ್ದಾಗ ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದು, ಆಮೇಲೆ ಕೊಲ್ಹಾಪುರಕ್ಕೆ ಹೋಗಿ ದೊಡ್ಡ ಸಿನಿಮಾ ನಿರ್ದೇಶಕರಾದವರು. ಅವರ ಬಾಳು, ಅವರ ಕೆಲಸ ತೋರಿಸುವ ಫೋಟೋಗಳನ್ನು ಜತ್ತದ ಸಾಲೆಯಲ್ಲಿ ಐದು ದಿನ ಇಡುತ್ತೇವೆ. ಎಲ್ಲರೂ ಬನ್ನಿ, ಪುಕ್ಕಟೆ. ಮರಾಠಿಯಲ್ಲಿದ್ದ ಅದನ್ನು ಸಾಲಿ ಮಾಸ್ತರರು ಓದಿ ಹೇಳಿದರು.

'ಪುಕ್ಕಟೆ' ಎಂಬ ಮಾತು ಕೇಳಿದೊಡನೆ ಭೀಮರಾಯನ ಹುಬ್ಬು ಗಂಟಾಯಿತು. "ಪುಕ್ಕಟೆ ಯಾಕ ತೋರಸ್ತಾರ? ಬಂದವರ ಹೆಸರು ಬರಕೊಂಡು ಇವರೆಲ್ಲ ನಮ್ಮ ಕಡಿಯವರು ಅಂತ ಸರಕಾರಕ್ಕ ಕಳಸ್ತಾರ, ನೋಡ್ರಿ ಬೇಕಾದ್ರ" ಎಂದು ಚಾವಡಿಯಲ್ಲಿ ಹೇಳಿ ಮನೆಗೆ ಬಂದ. ಆದರೆ ಮನೆಯಲ್ಲಿ ಹಾಲವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಅವನ ದಾರಿ ಕಾಯುತ್ತಿದ್ದಳು.

"ನಾವೂ ಹೋಗೂಣೇನ್ರಿ ಅದಕ್ಕ?"

ಟೆಂಟಿನ ಸಿನಿಮಾಕ್ಕೂ ಎಂದೂ ಹೋಗೋಣ ಎನ್ನದವಳು. ಭೀಮರಾಯ ಅವಳ ಮುಖ ನೋಡಿದ. "ಫೋಟೋ ನೋಡಿ ಏನ್ ಮಾಡ್ತಿ?"

"ನಮ್ಮೂರವ್ರಲ್ರಿ ಅವರು. ನಮ್ಮಪ್ಪಗ ಗುರ್ತು ಇದ್ದವರು. ಒಮ್ಮಿ ನೋಡಿ ಬರೂಣು."

ಅಲ್ಲಿಗೇ ಅವನಿಗೆ ಒಂದು ಸಣ್ಣ ಮುಳ್ಳು ಚುಚ್ಚಿತು. ಆದರೂ ಹೆಂಡತಿ ಬಾಯಿಬಿಟ್ಟು ಕೇಳಿದ್ದು ಅಪರೂಪ ಎಂದು ಗಾಡಿ ಹೂಡಿದ.

ಸಾಲೆಯ ದೊಡ್ಡ ಕೋಣೆಯ ಬಾಗಿಲಲ್ಲೇ ವಿಠೋಬ ಮಾಸ್ತರರ ದೊಡ್ಡ ಫೋಟೋ ಇಟ್ಟು ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ದರು. ಅದನ್ನು ನೋಡಿ ಜನರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಯಾರೋ ಪುಣ್ಯಾತ್ಗಿತ್ತಿ ಕಾಯಿ ಕೂಡ ಒಡೆದಿದ್ದಳು. ಒಳಗೆ ಗೋಡೆಯುದ್ದಕ್ಕೂ ಫೋಟೋಗಳು. ಪರದೆಯ ಮುಂದೆ ಕುಂಚ ಹಿಡಿದು ನಿಂತ ತೆಳ್ಳನೆಯ ಹುಡುಗ. ಬಿಸಿಲಲ್ಲಿ ಕ್ಯಾಮರಾಕ್ಕೆ ಕೊಡೆ ಹಿಡಿದು ತಾನು ಬೆವರುತ್ತಿರುವ ಮಾಸ್ತರ. ಅಳುವ ಮಗುವಿನ ಎದುರು ನೆಲದಲ್ಲಿ ಕೂತು ತಾನೂ ಅಳುವಂತೆ ಮುಖ ಮಾಡಿರುವ ಮಾಸ್ತರ. ಭೀಮರಾಯ ಒಂದೊಂದನ್ನೂ ಕಣ್ಣು ಕಿರಿದು ಮಾಡಿ ನೋಡಿದ.

"ಡಫಳಾಪುರದಾವ ಅಂತಾರ, ಬೂಟು ಹಾಕ್ಕೊಂಡು ನಿಂತಾನ. ನಂಬೂದ ಹೆಂಗ?" ಎಂದು ಹಿಂದೆ ತಿರುಗಿದರೆ ಹಾಲವ್ವ ಇಲ್ಲ.

ಅವಳು ಯಾವ ಫೋಟೋವನ್ನೂ ನೋಡದೆ, ಕಳೆದದ್ದೇನನ್ನೋ ಹುಡುಕುವವಳ ಹಾಗೆ ಗೋಡೆಗುಂಟ ಹೋಗಿ, ಮೂಲೆಯ ಒಂದರ ಮುಂದೆ ನಿಂತುಬಿಟ್ಟಿದ್ದಳು. ಭೀಮರಾಯ ಹಿಂದಿನಿಂದ ಹೋಗಿ ಅವಳ ಹೆಗಲ ಮೇಲಿಂದ ನೋಡಿದ. ಒಂದು ಲಗ್ನದ ಹಂದರ. ಮಣೆಯ ಮೇಲೆ ಮದುಮಗ, ಮದುಮಗಳು. ಇಬ್ಬರಿಗೂ ಬಾಸಿಂಗ. ಸುತ್ತ ಅಕ್ಕಿಕಾಳು ಹಿಡಿದ ಜನ. ಮದುಮಗಳು ಇನ್ನೂ ಹುಡುಗಿ, ತಲೆ ಬಗ್ಗಿಸಿದ್ದಾಳೆ, ಗಲ್ಲದ ಮೇಲೆ ಓರೆಯಾಗಿ ಒಂದು ಕಲೆ.

ಆ ಕಲೆಯನ್ನು ಅವನು ದಿನ ಬೆಳಗಾದರೆ ನೋಡುತ್ತಿದ್ದ. ಮದುಮಗಳು ಹಾಲವ್ವ.

ಆದರೆ ಅವನನ್ನು ಕೊಂದದ್ದು ಆ ಕಲೆಯಲ್ಲ. ಹಾಲವ್ವ ತನ್ನ ಮುಖವನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಪಕ್ಕದ ಮದುಮಗನ ಮೇಲಿತ್ತು. ಕಣ್ಣು ತುಂಬಿ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ಅವಳು ಸೆರಗಿನಿಂದ ಒರೆಸಿಕೊಂಡು, ಅತ್ತಿತ್ತ ನೋಡದೆ, ಬೆರಳು ಚಾಚಿ ಆ ಮದುಮಗನ ಮುಖವನ್ನು ಮುಟ್ಟಿದಳು. ಹಸುಗೂಸನ್ನು ಮುಟ್ಟುವ ಹಾಗೆ ಮುಟ್ಟಿದಳು.

"ಲಗೂ ನಡಿ" ಎಂದ ಭೀಮರಾಯ. "ಎತ್ತು ಬಿಸಲಾಗ ನಿಂತಾವು."

ಅವಳು ಬೆಚ್ಚಿ ಕೈ ಹಿಂದೆ ತೆಗೆದುಕೊಂಡಳು. ಮತ್ತೊಮ್ಮೆ ತಿರುಗಿ ನೋಡಬೇಕೆಂದರೆ ಅವನು ತೋಳು ಹಿಡಿದು ಹೊರಗೆ ನಡೆಸಿದ. ಗಾಡಿ ಹೂಡಿ ಊರ ಹಾದಿ ಹಿಡಿದ.

ದಲ್ಲಾಳಿಗಳು ಕೇಳಬೇಕಾದದ್ದನ್ನು ನೇರವಾಗಿ ಕೇಳುವವರಲ್ಲ. ಭೀಮರಾಯ ಕೈಕಾಲು ತೊಳೆದು, ಊಟಕ್ಕೆ ಕೂತು, ಬದನೆಕಾಯಿ ಪಲ್ಲೆ ಚಲೋ ಆಗಿದೆಯೆಂದು ಹೇಳಿ, ಎಮ್ಮೆಯ ಮಾತಾಡಿ, ಆಮೇಲೆ ಅದೇನೋ ಈಗ ನೆನಪಾದ ಹಾಗೆ ಕೇಳಿದ.

"ಆ ಮೂಲ್ಯಾಗಿನ ಫೋಟೋದಾಗ ನಿನ್ನಂಗ ಒಂದು ಹುಡುಗಿ ಇತ್ತಲ್ಲ?"

"ನಾನ ರಿ ಅದು" ಎಂದಳು ಹಾಲವ್ವ. ಮುಚ್ಚುಮರೆ ಮಾಡಲಿಲ್ಲ. "ಮಾಸ್ತರು ನಮ್ಮೂರ ವಾಡೇದಾಗ ಸಿನಿಮಾ ತಗದ್ರು. ಮದುಮಗಳ ಪಾರ್ಟಿನ ಹುಡುಗಿಗೆ ಜ್ವರ ಬಂದಿದ್ದುವು. ದೂರಿಂದ ತಗಿಯೂದು, ಮಾರಿ ಕಾಣಂಗಿಲ್ಲ ಅಂತ ನನ್ನ ಕುಂದರಿಸಿದ್ರು. ಖರೆ ಲಗ್ನ ಅಲ್ರಿ ಅದು."

"ಮಗ್ಗಲಕ ಕುಂತಾವ ಯಾರು?"

ಹಾಲವ್ವ ಒಮ್ಮೆಲೇ ನಕ್ಕಳು. ನಕ್ಕವಳು ಮರುಗಳಿಗೆಯಲ್ಲೇ ಮುಖ ಬಾಡಿಸಿಕೊಂಡು ಎದ್ದು ನಿಂತಳು.

"ಅದೊಂದು ಕೇಳಬ್ಯಾಡ್ರಿ. ಅಪ್ಪ ಆಣಿ ಹಾಕ್ಯಾನ. ಅಪ್ಪ ಸತ್ರೂ ಆಣಿ ಆಣೀನ."

ಮಾತು ಅಲ್ಲಿಗೆ ನಿಂತಿತು, ಭೀಮರಾಯನ ತಲೆ ಮಾತ್ರ ಅಲ್ಲಿಂದ ಓಡತೊಡಗಿತು. ಸುಳ್ಳು ಲಗ್ನಕ್ಕೆ ಆಣೆ ಯಾಕೆ? ಸುಳ್ಳು ಮದುಮಗನಿಗೆ ಕಣ್ಣೀರು ಯಾಕೆ? ಬಾಸಿಂಗ ಕಾಗದದ್ದೋ ಬೆಂಡಿನದ್ದೋ, ಕಟ್ಟಿದ್ದಂತೂ ಹಣೆಗೇ ತಾನೆ? ಅವಳ ಅಪ್ಪ ಸಾಯುವಾಗಲೂ ಇದನ್ನು ಅಳಿಯನಿಗೆ ಹೇಳಲಿಲ್ಲ ಎಂದರೆ ಏನರ್ಥ? ಸಿನಿಮಾ ಎನ್ನುವುದು ಒಂದು ನೆವ. ಎಲ್ಲೋ ಒಂದು ಲಗ್ನವಾಗಿ, ಆ ಹುಡುಗ ಓಡಿಹೋಗಿಯೋ ಸತ್ತೋ, ಮಗಳನ್ನು ಗಪ್ಪಗೆ ಸೋನ್ಯಾಳಕ್ಕೆ ದಾಟಿಸಿರಬೇಕು. ಕೊಂಬು ಹೆರೆದು ಎಣ್ಣೆ ಹಚ್ಚಿದ್ದಾರೆ. ಎಲ್ಲರ ಎತ್ತಿನ ಹಲ್ಲು ನೋಡಿದವನು ತನ್ನ ಮನೆಯಲ್ಲಿ ಮೋಸ ಹೋದನೇ! ಹಾಗೆ ನೋಡಿದರೆ ತನ್ನ ಲಗ್ನದಲ್ಲಿ ಅವಳಿಗೆ ಕಟ್ಟಿದ್ದು ಎರಡನೆಯ ಬಾಸಿಂಗ. ಆಕೆ ಊರಿನಲ್ಲಿ ಸುತ್ತಿದ ಸುರಗಿಗಳೆಲ್ಲ ಏನಾದವು? ನಾಳೆ ಅಕ್ಕನ ಮಗಳಿಗೆ ಸುತ್ತಿದರೆ, ಆಮೇಲೆ ಆ ಹುಡುಗಿಗೆ ಏನಾದರೂ ಹೆಚ್ಚುಕಡಿಮೆ ಆದರೆ?

ಹೀಗೆ ಅವನೇ ಒಂದು ಕತೆ ಕಟ್ಟಿ, ಅವನೇ ಅದನ್ನು ನಂಬಿದ. ಯಾರ ಮಾತನ್ನೂ ನಂಬದವರ ಪಾಡು ಇಷ್ಟೇ; ತಮ್ಮ ತಲೆಯ ಮಾತನ್ನು ಮಾತ್ರ ಮೂಸದೆ ನುಂಗುತ್ತಾರೆ.

ಮರುದಿನ ಅಕ್ಕನ ಮನೆಗೆ ಹೋದ. ಸಿದ್ದಲಿಂಗವ್ವ ಅಂಗಳದಲ್ಲಿ ಶಾವಿಗೆ ಹರವುತ್ತಿದ್ದಳು.

"ಅಕ್ಕಾ, ಸುರಗಿಗೆ ಬ್ಯಾರೆ ಯಾರನ್ನರೆ ನೋಡು."

"ಯಾಕೋ ತಮ್ಮಾ? ಹಾಲವ್ವಗ ಮೈಯಾಗ ಆರಾಮಿಲ್ಲೇನು?"

"ಆರಾಮ ಅದಾಳ. ಬ್ಯಾಡ ಅಂದ್ನಿ, ಬ್ಯಾಡ."

ಸಿದ್ದಲಿಂಗವ್ವನ ಕೈಯಲ್ಲಿ ಶಾವಿಗೆ ಹಾಗೇ ನಿಂತಿತು. ಅವಳೂ ಇವನ ಒಡಹುಟ್ಟಿದವಳೇ ತಾನೆ; ಹೇಳದೆ ಬಿಟ್ಟದ್ದನ್ನು ಊಹಿಸುವುದರಲ್ಲಿ ತಮ್ಮನಿಗಿಂತ ಒಂದು ಕೈ ಮೇಲು. ಸಂಜೆ ಬಾವಿಯ ಹತ್ತಿರ ಅವಳು ಹಾಲವ್ವನ ಕೊಡಕ್ಕೆ ಕೈ ಹಚ್ಚಲಿಲ್ಲ. ಉಳಿದ ಹೆಂಗಸರೂ ಮಾತು ನಿಲ್ಲಿಸಿದರು. ಹಾಲವ್ವ ತಾನೇ ಕೊಡ ಎತ್ತಿಕೊಂಡು ಮನೆಗೆ ಬಂದಳು. ರೊಟ್ಟಿ ಬಡಿದಳು. ಅಂದು ಭೀಮರಾಯ ರೊಟ್ಟಿಯನ್ನು ತಿರುವಿ ನೋಡಿ ತಿಂದ. ಅವಳು ಅದನ್ನು ಕಂಡಳು.

ಪ್ರದರ್ಶನದ ಕಡೆಯ ದಿನ ಅವನು ಯಾರಿಗೂ ಹೇಳದೆ ಒಬ್ಬನೇ ಜತ್ತಕ್ಕೆ ಹೋದ. ಆ ಮದುಮಗನನ್ನು ನೆಟ್ಟಗೆ ನೋಡಬೇಕಿತ್ತು. ಮಟಮಟ ಮಧ್ಯಾಹ್ನ, ಕೋಣೆಯಲ್ಲಿ ಇಮಾಮಸಾಬ ಒಬ್ಬನೇ ಸ್ಟೂಲಿನ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ಹರೆಯದಲ್ಲಿ ಮಾಸ್ತರರ ಕಂಪನಿಯಲ್ಲಿ ಫೋಟೋ ತೆಗೆಯುವವನಾಗಿದ್ದು, ಈಗ ಜತ್ತದಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡವನು. ಇಲ್ಲಿದ್ದ ಬಹುಪಾಲು ಫೋಟೋಗಳು ಅವನು ತೆಗೆದವೇ.

ಭೀಮರಾಯ ಮೂಲೆಯ ಫೋಟೋಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದ. ಮದುಮಗನಿಗೆ ದೊಡ್ಡ ರುಮಾಲು. ಬಾಸಿಂಗದ ಹೂವಿನ ಎಳೆಗಳು ಮುಖದ ಮೇಲೆ ಇಳಿಬಿದ್ದು ಕಣ್ಣು ಮೂಗು ಎಲ್ಲ ಅರೆಮರೆ. ಅವನು ಎಳೆಗಳ ಸಂದಿನಲ್ಲಿ ಹುಡುಕಿದ. ಮೀಸೆ ಇಲ್ಲ. ಗಡ್ಡದ ಗುರುತೂ ಇಲ್ಲ. ಮೀಸೆ ಚಿಗುರದ ಹುಡುಗ, ಹಾಗಾದರೆ ಹಾಲವ್ವನ ಓರಗೆಯವನೇ.

"ಸಾಬ್ರ, ಈ ಮದುಮಗ ಯಾರು?"

ಇಮಾಮಸಾಬ ಎದ್ದು ಬಂದು ಫೋಟೋ ನೋಡಿ ಮುಗುಳ್ನಕ್ಕ. ಆ ನಗೆಯೂ ಹಾಲವ್ವನ ನಗೆಯ ಹಾಗೆಯೇ ಇದ್ದದ್ದು ಭೀಮರಾಯನಿಗೆ ಸಹಿಸಲಾಗಲಿಲ್ಲ.

"ಅದೊಂದು ಮಜಾ ಐತ್ರಿ ಯಜಮಾನ್ರ, ಆದ್ರ ಹೇಳಂಗಿಲ್ಲ. ಆ ಹುಡುಗಿ ಅಪ್ಪಗ ಮಾಸ್ತರು ಮಾತು ಕೊಟ್ಟಾರ. ಮಾಸ್ತರು ಹ್ವಾದ್ರು ಅಂತ ನಾ ಬಾಯಿ ಬಿಟ್ರ ಚಂದ ಕಾಣಸ್ತದೇನ್ರಿ?"

"ಈ ಫೋಟೋ ನನಗ ಕೊಡು. ಕೇಳಿದ್ದು ಕೊಡ್ತೀನಿ."

"ಇದನ್ನ? ಬ್ಯಾರೆ ಯಾವುದರೆ ಕೇಳ್ರಿ, ಇನ್ನೊಂದು ಪ್ರತಿ ತೊಳದು ಕೊಡ್ತೀನಿ. ಇದು ಇದೊಂದ ಉಳದೈತಿ. ನಲವತ್ತೆಂಟರ ಗಲಾಟಿಯೊಳಗ ಕೊಲ್ಹಾಪುರದ ಸ್ಟುಡಿಯೋಕ್ಕ ಬೆಂಕಿ ಬಿತ್ತಲ್ರಿ, ಈ ಸಿನಿಮಾದ ಕಾಚಿನ ನೆಗೆಟಿವ್, ರೀಲು ಎಲ್ಲಾ ಬೂದಿ ಆದ್ವು. ಆ ಸಿನಿಮಾನ ಇಲ್ಲ ಈಗ. ಉಳದದ್ದು ನನ್ನ ಪೆಟಿಗ್ಯಾಗ ಇದ್ದ ಈ ಒಂದು ಕಾಗದ." ಇಮಾಮಸಾಬ ಬಾಗಿಲಾಚೆ ನೆರಳು ನೋಡಿದ. "ನಮಾಜಿನ ಹೊತ್ತಾತು. ಒಂದೀಟು ನೋಡಕೋತ ಕುಂದ್ರಿ ಯಜಮಾನ್ರ. ಹುಡುಗ್ರು ಬಂದ್ರ ಕೈ ಹಚ್ಚಗೊಡಬ್ಯಾಡ್ರಿ. ಈಗ ಬಂದ್ನಿ."

ಹೀಗೆ ಹೇಳಿ, ಗುರುತು ಪರಿಚಯವಿಲ್ಲದ ಮನುಷ್ಯನ ಕೈಗೆ ಕೋಣೆ ಒಪ್ಪಿಸಿ ಅವನು ಹೊರಟೇಹೋದ. ಭೀಮರಾಯನಿಗೆ ಮೊದಲು ಹೊಳೆದದ್ದು, ಇದರಲ್ಲೂ ಏನೋ ಹೂಟ ಇದೆ ಎಂದು. ಆಮೇಲೆ ಅತ್ತಿತ್ತ ನೋಡಿ, ಫೋಟೋವನ್ನು ಮೊಳೆಯಿಂದ ಬಿಡಿಸಿ, ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಹೊರಬಿದ್ದ. ವಸ್ತ್ರದ ಮರೆಯಲ್ಲಿ ಕೈ ಆಡಿಸುವುದು ಅವನಿಗೆ ಹೊಸದೇನಲ್ಲ, ಆದರೆ ಕಳವು ಹೊಸದು.

ಊರಿನ ಹಾದಿಯಲ್ಲಿ ಜಾಲಿಗಿಡಗಳ ಹತ್ತಿರ ಗಾಡಿ ನಿಲ್ಲಿಸಿ ಇಳಿದ. ಫೋಟೋ ಬಿಚ್ಚಿ ನೋಡಿದ. ಎಲ್ಲವನ್ನೂ ಸುಟ್ಟುಬಿಡಬೇಕೆಂದೇ ಕಡ್ಡಿಪೆಟ್ಟಿಗೆ ತೆಗೆದದ್ದು. ಆದರೆ ತಲೆ ಬಗ್ಗಿಸಿ ಕೂತ ಆ ಹುಡುಗಿ, ಗಲ್ಲದ ಆ ಕಲೆ... ಅವನಿಗೆ ಕೈ ಬರಲಿಲ್ಲ. ಅವಳ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ತನಗೆ ಕೊಡುವುದಕ್ಕೆ ಮುಂಚೆ ಇವಳು ಹೀಗಿದ್ದಳು ಎಂದು ನೋಡುತ್ತ ನಿಂತ. ಸಿಟ್ಟು ಇದ್ದ ಜಾಗದಲ್ಲಿ ಪ್ರೀತಿಯೂ ಇತ್ತು, ಅದೇ ತೊಂದರೆ. ಕಡೆಗೆ ನಟ್ಟನಡುವೆ ಮಡಚಿ, ಉಗುರಿನಿಂದ ಗೆರೆ ಎಳೆದು, ಫೋಟೋವನ್ನು ಎರಡು ಹೋಳು ಮಾಡಿದ. ಮದುಮಗನ ಹೋಳಿಗೆ ಕಡ್ಡಿ ಗೀರಿದ. ದಪ್ಪ ಕಾಗದ, ಬೇಗನೆ ಹತ್ತಲಿಲ್ಲ. ಅಂಚು ಕಪ್ಪಾಗಿ ಮುರುಟಿತು, ರುಮಾಲು ಹೋಯಿತು, ಬಾಸಿಂಗ ಹೋಯಿತು. ಬೂದಿಯನ್ನು ಕಾಲಿನಿಂದ ಮಣ್ಣಿಗೆ ತಿಕ್ಕಿದ. ಮೂರು ನಾಲ್ಕು ದಿನಗಳ ಮೇಲೆ ಎದೆ ಹಗುರಾಯಿತು.

ಹಗುರಾದ ಎದೆಯಲ್ಲಿ ಅವನು ದಾರಿಯುದ್ದಕ್ಕೂ ದೊಡ್ಡ ಮನಸ್ಸಿನವನಾದ. ಆದದ್ದು ಆಗಿಹೋಯಿತು. ಚಿಕ್ಕ ಹುಡುಗಿ, ಅವಳಿಗೇನು ಗೊತ್ತು. ಸುರಗಿಗೆ ಬೇಡ, ಅದೊಂದು ಬಿಡಲಿ. ಉಳಿದ ಬಾಳೆಲ್ಲ ಹೇಗಿತ್ತೋ ಹಾಗೇ ಇರಲಿ. ಅವಳ ಫೋಟೋ ಅವಳಿಗೇ ಕೊಟ್ಟು, ಇನ್ನು ಮೇಲೆ ಈ ಮಾತು ತೆಗೆಯುವುದಿಲ್ಲ ಎನ್ನೋಣ. ತಾನು ಕ್ಷಮಿಸುತ್ತಿದ್ದೇನೆ ಎಂದು ಅವನಿಗೆ ಕಣ್ಣಲ್ಲಿ ನೀರೇ ಬಂತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹಾಲವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಭೀಮರಾಯ ಅವಳ ಎದುರು ಕೂತು ವಸ್ತ್ರ ಬಿಚ್ಚಿದ.

"ತಗೋ. ನಿನ್ನದು ನಿನಗ. ನಾ ಇನ್ನ ಏನೂ ಕೇಳಂಗಿಲ್ಲ."

ಹಾಲವ್ವ ಮೊರ ಬದಿಗಿಟ್ಟು ಕೈ ಒರೆಸಿಕೊಂಡು ತೆಗೆದುಕೊಂಡಳು. ಮುಖ ಅರಳಿತು. ಆಮೇಲೆ ಹರಿದ ಅಂಚಿನ ಮೇಲೆ ಬೆರಳಾಡಿಸಿದಳು, ಹಿಂದೆ ಮುಂದೆ ತಿರುವಿದಳು.

"ನಮ್ಮಕ್ಕ ಎಲ್ಲದಾಳ್ರಿ?"

"ಯಾವ ಅಕ್ಕ?"

"ನಮ್ಮಕ್ಕರಿ, ಭಾಗವ್ವ. ಮಗ್ಗಲಕ ಕುಂತಿದ್ಳಲ್ಲ. ಇನ್ನೊಂದು ತುಣುಕು ಎಲ್ಲೈತ್ರಿ?"

ಭಾಗವ್ವ ಎಂಬ ಹೆಸರನ್ನು ಭೀಮರಾಯ ಕೇಳಿದ್ದ, ಅಷ್ಟೆ. ಹಾಲವ್ವನ ಅಕ್ಕ, ಬೆಳುಂಕಿಗೆ ಕೊಟ್ಟಿದ್ದರು, ಚೊಚ್ಚಲ ಬಾಣಂತನದಲ್ಲಿ ತಾಯಿ ಮಗು ಎರಡೂ ಹೋದವು. ಅವನ ಲಗ್ನಕ್ಕೆ ಮೊದಲಿನ ಮಾತು. ಹಾಲವ್ವ ಅವನ ಮುಖ ನೋಡಿದಳು, ಬಿಚ್ಚಿದ ವಸ್ತ್ರ ನೋಡಿದಳು. ಇನ್ನು ಆಣೆ ಹಿಡಿದುಕೊಂಡು ಏನು ಮಾಡುವುದೆಂದು ಅನ್ನಿಸಿರಬೇಕು, ನಿಧಾನವಾಗಿ ಹೇಳತೊಡಗಿದಳು.

"ಪರಗಂಡಸಿನ ಮಗ್ಗಲಕ ನನ್ನ ಮಗಳು ಕುಂದ್ರಂಗಿಲ್ಲ ಅಂತ ಅಪ್ಪ ಕಡ್ಡಿ ಮುರದಂಗ ಅಂದ. ಹೊತ್ತು ಮುಳಗಲಿಕ್ಕ ಬಂದಿತ್ತು, ಮಾಸ್ತರು ಕೈ ಜೋಡಿಸಿದ್ರು. ಅಕ್ಕ ಪಂಚಮಿಗೆ ತವರಿಗೆ ಬಂದಿದ್ಳು. ಆಕಿ ನನಗಿಂತ ಎತ್ತರ. ನಾನ ಆಕಿನ ಎಳಕೊಂಡು ಬಂದೆ, ನೀ ರುಮಾಲ ಸುತ್ತಕೋ, ನೀನ ನನ್ನ ಗಂಡ ಆಗು ಅಂತ. ನಕ್ಕೋತ ಧೋತರ ಉಟ್ಳು, ಬಾಸಿಂಗ ಕಟ್ಟಿಗೊಂಡ್ಳು. ಲಗ್ನ ಆದಾಕಿರಿ ಆಕಿ. ಎರಡನೇ ಬಾಸಿಂಗ ಅದು. ಬೆಳುಂಕಿಯವರಿಗೆ ಗೊತ್ತಾದ್ರ ಬಿಡ್ತಿದ್ರೇನು? ಅದಕ್ಕ ಅಪ್ಪ ಎಲ್ಲಾರಿಗೂ ಆಣಿ ಹಾಕ್ದ. ವರ್ಷ ತುಂಬೂದರಾಗ ಆಕಿ ಹ್ವಾದ್ಳು. ನನ್ನ ಹುಚ್ಚಾಟದಿಂದ ಹ್ವಾದ್ಳು ಅಂತ ನಾ ಇವತ್ತಿಗೂ ಅನಕೋತೀನ್ರಿ. ಆಕೀದು ಒಂದ ಫೋಟೋ ಅದು. ಮಾರಿ ಮರತುಹೋಗೇತ್ರಿ ನನಗ. ಕೊಡ್ರಿ."

ಅವಳು ಕೈ ಚಾಚಿದಳು. ಭೀಮರಾಯ ಆ ಕೈಯನ್ನು ನೋಡುತ್ತ ಕೂತ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ ಎಂದಲ್ಲ, ಸಂತೆಯಲ್ಲಿ ದಿನವೂ ಹೇಳುತ್ತಿದ್ದ. ಇಮಾಮಸಾಬನ ಹತ್ತಿರ ಇನ್ನೊಂದು ತೆಗೆಸಿಕೊಂಡು ಬರುತ್ತೇನೆ ಎಂದು ನಾಲಗೆ ತುದಿಗೆ ಬಂತು. ಅದೊಂದೇ ಉಳಿದದ್ದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಸುಟ್ನಿ" ಎಂದ.

ಹಾಲವ್ವ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು. ಭೀಮರಾಯ ತಡವರಿಸಿದ.

"ಸುರಗಿಗೆ ನೀನ ನಿಂದ್ರು. ಈಗ ಹೋಗಿ ಅಕ್ಕಗ ಹೇಳ್ತೀನಿ. ನಂದ ತಪ್ಪು ಅಂತ ಎಲ್ಲಾರ ಮುಂದ ಹೇಳ್ತೀನಿ. ಇಮಾಮಸಾಬನ ಕಾಲೂ ಹಿಡೀತೀನಿ."

"ಸುರಗಿ ಬಿಡ್ರಿ. ಯಾರರೆ ಸುತ್ತಲಿ." ಹಾಲವ್ವ ಅವನ ಕಡೆ ತಿರುಗಿ ಕೂತಳು. "ಅವತ್ತು ನನ್ನ ಕಣ್ಣಾಗ ನೀರು ತುಂಬಿದ್ದುವು, ನೆಟ್ಟಗ ಕಾಣ್ಲಿಲ್ಲ. ಅಷ್ಟರಾಗ ನೀವು ಲಗೂ ನಡಿ ಅಂದ್ರಿ. ಇವತ್ತು ನೀವು ಹತ್ತರಿಂದ ಚಂದಂಗ ನೋಡಿರಬೇಕಲ್ಲ. ಹೇಳ್ರಿ. ಹೆಂಗಿದ್ಳು ನಮ್ಮಕ್ಕ? ನಗಾಕತ್ತಿದ್ಳೇನು?"

ಭೀಮರಾಯ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ರುಮಾಲು ಬಂತು. ಹೂವಿನ ಎಳೆಗಳು ಬಂದವು. ಎಳೆಗಳ ಹಿಂದೆ ಒಂದು ಮುಖವಿತ್ತು, ಅವನು ಅದಕ್ಕೆ ಮೂಗು ತಾಗಿಸಿ ನಿಂತಿದ್ದ. ಎಷ್ಟು ಹೊತ್ತು ಕೂತರೂ ಆ ಮುಖ ಮೂಡಲಿಲ್ಲ.

"ನಾ ಮೀಸಿ ಐತೋ ಇಲ್ಲೋ ಅಷ್ಟ ನೋಡಿದ್ನಿ, ಹಾಲವ್ವ" ಎಂದ. "ಬ್ಯಾರೆ ಏನೂ ನೋಡ್ಲಿಲ್ಲ."